ಚಿಪ್ಪಿನ ಲೆಕ್ಕ ಯಾರು ಕಲಿಸ್ತಾರೆ?

ಎಂ.ಬಿ.ಎ. ಹುಡುಗರಿಗೆ ವಿದ್ಯುತ್ ಕಂಪನಿಗಳ ಕೆಲಸ ಪರಿಚಯಿಸುವ ಮೇಳಗಳು ಬೆಂಗಳೂರಲ್ಲೇ ಏಕೆ ಸ್ವಾಮಿ? ತಿಪಟೂರು ಎ.ಪಿ.ಎಂ.ಸಿ. ಯಾರ್ಡಿನಲ್ಲಿ ನಡೆಸಲಿ.

ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕಿದೆ, ಸುಮಾರು 13,000 ಎಕರೆ. ಜಮೀನು ಕೊಂಡದ್ದಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು. ಶುರುವಿನ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಜಮೀನುಳ್ಳವನಿಗೆ ಬಾಡಿಗೆ ಸಿಕ್ತು. ಆ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ? ಈ ಪ್ರಶ್ನೆ ಯಾವ ಪಠ್ಯದಲ್ಲಿದೆಯೋ ಕಾಣೆ.

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಬಸ್ಸುಗಳಲ್ಲಿ ಕೊಬ್ಬರಿ ದರದ ಮಾತೇ ಮಾತು. ಚಿಪ್ಪಿನ ದರ ಕೇಳೋರಿಲ್ಲ. ಗಾಳಿ ಕಟ್ಟಿ ಸುಟ್ಟರೆ ಅದು ಇದ್ದಿಲು. ಇದ್ದಿಲಿಗೆ ಕಡುಬಿಸಿ ಹಬೆ ಕೊಟ್ಟರೆ ನೀರು ಸೋಸುವ ಆಕ್ಟಿವೇಟೆಡ್ ಕಾರ್ಬನ್. ಲಾಭ ಇರೋದೇ ಆ ಕೊನೇ ಮೆಟ್ಟಿಲಲ್ಲಿ.

ಮೊದಲ ದಿನ ಪಾವಗಡ, ಮಾರನೇ ದಿನ ಚಿಪ್ಪಿನ ಭಟ್ಟಿ ತೋರಿಸಿ. ಊಟದ ಖರ್ಚು ನಮ್ಮ ಮಂಡಿ ವರ್ತಕರದ್ದಾಗಲಿ.