ಊರಿಗೆ ಮರಳದ ವರದಿಗಳು

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆಂದು ಮಲೆನಾಡಿನ ಹಳ್ಳಿಗೆ ಬಂದರೆ ದೇವಸ್ಥಾನದ ಅಂಗಳದಲ್ಲೋ ಶಾಲೆಯ ಜಗಲಿಯಲ್ಲೋ ಊರಿನ ನಕ್ಷೆಯೊಂದು ರಂಗೋಲಿಯಲ್ಲಿ ಮೂಡುತ್ತದೆ. ಹಳ್ಳ ನೀಲಿ, ತೋಟ ಹಸಿರು. ಊರವರು ಸುತ್ತ ನಿಂತು ತಮ್ಮ ತಮ್ಮ ಮನೆ ಹುಡುಕುತ್ತಾರೆ. ಛಾಯಾಚಿತ್ರ ತೆಗೆದಾದ ಮೇಲೆ ನಕ್ಷೆ ಮಳೆಗೋ ಕಸಬರಿಗೆಗೋ ಸೇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕೇಳಿ ಬರೆದುಕೊಂಡ ಮಾಹಿತಿಯ ಗತಿಯೂ ಹೆಚ್ಚುಕಡಿಮೆ ಹೀಗೆಯೇ ಆಗುತ್ತಿದೆ. ವರದಿ ಇಂಗ್ಲಿಷಿನಲ್ಲಿ ಸಿದ್ಧವಾಗಿ, ಅಂಕ ಪಡೆದು, ಗ್ರಂಥಾಲಯದ ಕಪಾಟು ಸೇರುತ್ತದೆ. ಅಡಿಕೆ ಕೊಯ್ಲಿನ ನಡುವೆ ಅರ್ಧ ದಿನ ಬಿಡುವು ಮಾಡಿಕೊಂಡು ಉತ್ತರ ಹೇಳಿದ ಮನೆಗೆ ಅದರ ಒಂದು ಪುಟವೂ ತಲುಪುವುದು ಅಪರೂಪ.

ಪದವಿ ಹುಡುಗರಿಂದ ಎಂಥ ಸಂಶೋಧನೆ ಎಂದು ಮೂಗು ಮುರಿಯುವ ಪ್ರಾಧ್ಯಾಪಕರಿದ್ದಾರೆ. ಮಲೆನಾಡಿನ ಅನುಭವ ಬೇರೆಯದನ್ನೇ ಹೇಳುತ್ತದೆ. ಇಲ್ಲಿನ ಒಳ್ಳೆಯ ಸಂಶೋಧನೆಗಳಿಗೆ ಮೊದಲು ಬೇಕಾದುದು ಊರಿನವರ ಮಾತನ್ನು ಕೇಳುವ ಕಿವಿ, ಅನಂತರ ಅದನ್ನು ಅಳೆದು ನೋಡುವ ತಾಳ್ಮೆ.

1970ರ ದಶಕದಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರು ಕ್ಷೀಣಿಸತೊಡಗಿತ್ತು. ಕಾಗದದ ಕಾರ್ಖಾನೆಗಾಗಿ ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಹಾಕುವುದು ವಾಡಿಕೆಯಾಗಿತ್ತು. ಇದರಿಂದ ಮೆಳೆ ಸಡಿಲಗೊಂಡು ಚೆನ್ನಾಗಿ ಬೆಳೆಯುತ್ತದೆಂಬ ನಂಬಿಕೆ. ಮುಳ್ಳು ಹೋದರೆ ಕಳಲೆಯನ್ನು ದನಕರು, ಕಾಡುಪ್ರಾಣಿಗಳು ತಿಂದುಹಾಕುತ್ತವೆ ಎಂದು ಹಳ್ಳಿಗರು ಹೇಳುತ್ತಿದ್ದರು. ಆ ಮಾತಿಗೆ ಬೆಲೆಯಿರಲಿಲ್ಲ. ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಕಾಡಿಗಿಳಿದು ಮೆಳೆಗಳನ್ನು ಅಧ್ಯಯನ ಮಾಡಿದಾಗ ಹಳ್ಳಿಗರ ಮಾತೇ ನಿಜವೆಂದು ತಿಳಿಯಿತು. ಇದಕ್ಕೆ ಬೇಕಾದುದು ದುಬಾರಿ ಯಂತ್ರವಲ್ಲ. ಸವರಿದ ಮೆಳೆಯಲ್ಲಿ ಎಷ್ಟು ಕಳಲೆ ಉಳಿಯಿತು, ಸವರದ ಮೆಳೆಯಲ್ಲಿ ಎಷ್ಟು ಎಂಬ ಎಣಿಕೆ. ಅಂಥ ಎಣಿಕೆಯನ್ನು ಪದವಿ ವಿದ್ಯಾರ್ಥಿ ಮಾಡಲಾರನೆ?

ಕೊಳೆರೋಗದ ಕಥೆಯೂ ಇದಕ್ಕೆ ದೂರದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಅಡಿಕೆಯ ಈ ರೋಗವನ್ನು ಕುರಿತು 1910ರಲ್ಲಿ ವಿವರವಾಗಿ ಬರೆದು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಬೆಳೆಗಾರರು ಅದಕ್ಕೂ ಮೊದಲೇ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ರೋಗಾಣುವಿನ ಹೆಸರು ತಿಳಿಯದಿದ್ದರೂ ಮಳೆನೀರಿಗೂ ಕೊಳೆಗೂ ಇರುವ ನಂಟು ಅವರಿಗೆ ತಿಳಿದಿತ್ತು.

ಈಗ ತೋಟಗಳ ಮುಂದೆ ನಿಂತಿರುವುದು ಎಲೆಚುಕ್ಕೆ ರೋಗ. 2022ರಲ್ಲಿ ಕಳಸ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರದ ಕಡೆ ಅದು ಉಲ್ಬಣಿಸಿದಾಗ ಸೋಗೆ ಒಣಗಿ ಬೋಳಾದ ಮರಗಳನ್ನು ಕಂಡು ತೋಟ ಬಿಟ್ಟು ಪೇಟೆ ಸೇರುವ ಮಾತಾಡಿದ ಮನೆಗಳಿವೆ. ಬೆಳೆಗಾರರ ಪ್ರಶ್ನೆಗಳು ತೀರ ಸ್ಪಷ್ಟ. ಉದುರಿದ ಸೋಗೆಯನ್ನು ತೋಟದಲ್ಲೇ ಬಿಟ್ಟರೆ ರೋಗ ಹೆಚ್ಚುವುದೇ? ನೀರು ನಿಲ್ಲುವ ತಗ್ಗಿನ ತೋಟಕ್ಕೂ ಬಸಿಯುವ ತೋಟಕ್ಕೂ ವ್ಯತ್ಯಾಸವೇನು? ಬಿಡದೆ ಸುರಿಯುವ ಮಳೆಯಲ್ಲಿ ಸಿಂಪಡಿಸಿದ ಔಷಧ ಎಷ್ಟು ದಿನ ನಿಂತೀತು? ಇವಕ್ಕೆ ಒಂದೊಂದು ಊರಿನ ಉತ್ತರ ಒಂದೊಂದು ಇರಬಹುದು. ಅದಕ್ಕೇ ಊರೂರಿನಲ್ಲೂ ನೋಡಬೇಕು.

ತೊಡಕಿರುವುದು ಕಾಲದಲ್ಲಿ. ಸೆಮಿಸ್ಟರ್ ಮಳೆನಕ್ಷತ್ರಗಳನ್ನು ಕೇಳಿ ನಡೆಯುವುದಿಲ್ಲ. ವಿದ್ಯಾರ್ಥಿಗಳು ಹಳ್ಳಿಗೆ ಬರುವ ಹೊತ್ತಿಗೆ ಎಷ್ಟೋ ಬಾರಿ ಮಳೆಗಾಲ ಅರ್ಧ ಕಳೆದಿರುತ್ತದೆ. ಮುಂದಿನ ತಂಡ ಬೇರೆ ಊರಿಗೆ ಹೋಗಿ ಬೇರೆ ಪ್ರಶ್ನಾವಳಿ ತೆರೆಯುತ್ತದೆ. ಇದರ ಬದಲು ಐದು ವರ್ಷ ಅದೇ ಊರು, ಅದೇ ಗುರುತು ಹಾಕಿದ ಇಪ್ಪತ್ತು ಮರ, ಅದೇ ದಫ್ತರ ಎಂದಾದರೆ ಒಂದು ತಂಡ ಬಿಟ್ಟಲ್ಲಿಂದ ಇನ್ನೊಂದು ತಂಡ ಮುಂದುವರಿಸಬಹುದು. ನಡುವಿನ ತಿಂಗಳುಗಳಲ್ಲಿ ಎಣಿಸಲು ಊರಿನ ಕಾಲೇಜು ಮಕ್ಕಳಿದ್ದಾರೆ. ಮಳೆಯ ಲೆಕ್ಕವನ್ನಂತೂ ದಶಕಗಳಿಂದ ಡೈರಿಯಲ್ಲಿ ಬರೆದಿಟ್ಟ ಹಿರಿಯರು ಮಲೆನಾಡಿನಲ್ಲಿ ಕಡಿಮೆಯಿಲ್ಲ.

ಹಳ್ಳಿಗರ ಕಡೆಯ ಲೋಪವನ್ನೂ ಹೇಳಬೇಕು. ಕೈಯಲ್ಲಿ ನಮೂನೆ ಹಿಡಿದು ಬಂದವರಿಗೆ ತೋಟದ ವಿಸ್ತೀರ್ಣ ಸರಿಯಾಗಿ ಹೇಳುವವರು ವಿರಳ. ಒತ್ತುವರಿಯ ಭಯ, ದಾಖಲೆಯ ಭಯ. ಬರೆದುಕೊಂಡದ್ದು ಎಲ್ಲಿಗೆ ಹೋಗುತ್ತದೆಂದು ತಿಳಿಯದವರು ಸುಳ್ಳು ಲೆಕ್ಕ ಕೊಟ್ಟರೆ ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಸುಳ್ಳು ಅಂಕಿಯ ಮೇಲೆ ಕಟ್ಟಿದ ಕೋಷ್ಟಕ ಎಷ್ಟು ಅಂದವಾಗಿದ್ದರೇನು! ವರದಿ ಮರಳಿ ಬರುತ್ತದೆಂಬ ಭರವಸೆ ಹುಟ್ಟಿದರೆ ಲೆಕ್ಕವೂ ನೆಟ್ಟಗಾದೀತು.

ಆದ್ದರಿಂದ ಅಂಕ ಕೊಡುವ ಮೊದಲು ವಿದ್ಯಾರ್ಥಿ ತನ್ನ ಅಧ್ಯಯನದ ನಾಲ್ಕು ಪುಟದ ಕನ್ನಡ ಸಾರಾಂಶವನ್ನು ಗ್ರಾಮಸಭೆಯಲ್ಲೋ ಸಹಕಾರಿ ಸಂಘದ ಜಗಲಿಯಲ್ಲೋ ಓದಲೇಬೇಕೆಂಬ ನಿಯಮವನ್ನು ವಿಶ್ವವಿದ್ಯಾಲಯಗಳು ಮಾಡಬೇಕು. ಮೌಖಿಕ ಪರೀಕ್ಷೆಯ ಒಂದು ಭಾಗ ಅಲ್ಲಿಯೇ ನಡೆಯಲಿ. ಸಿಂಪಡಣೆ ಫಲ ಕೊಡಲಿಲ್ಲವೆಂಬ ಫಲಿತಾಂಶವನ್ನೂ ಅಲ್ಲಿ ಅಳುಕಿಲ್ಲದೆ ಹೇಳಲಿ. ಮುಂದಿನ ವರ್ಷ ಔಷಧಕ್ಕೆ ಸಾಲ ಮಾಡಲಿರುವ ಬೆಳೆಗಾರನಿಗೆ ಅದಕ್ಕಿಂತ ಬೆಲೆಬಾಳುವ ಸುದ್ದಿಯಿಲ್ಲ. ಅಧ್ಯಾಪಕರ ಬಡ್ತಿಗೆ ನಿಯತಕಾಲಿಕೆಗಳ ಲೇಖನಗಳನ್ನಷ್ಟೇ ಎಣಿಸುವವರೆಗೆ ಇದಕ್ಕೆ ಉತ್ಸಾಹ ಬಾರದು ಎಂಬ ಆಕ್ಷೇಪ ನಿಜವೇ. ಆದರೂ ಪ್ರಶ್ನೆಯನ್ನು ಆರಿಸುವ ಕೆಲಸಕ್ಕೆ ಯಾರ ಆದೇಶವೂ ಬೇಕಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲು ಊರವರು ಒಂದು ಸಂಜೆ ಕಲೆತು, ತಮಗೆ ಉತ್ತರ ಬೇಕಾದ ಎರಡು ಪ್ರಶ್ನೆಗಳನ್ನು ಬರೆದು, ಸಮೀಪದ ಕೃಷಿ ಇಲ್ಲವೆ ಅರಣ್ಯ ಕಾಲೇಜಿನ ಪ್ರಾಂಶುಪಾಲರಿಗೆ ತಲುಪಿಸಬಹುದು. ಮರಗಳಿಗೆ ಗುರುತಿನ ಬಣ್ಣ ಬಳಿಯಲು ಅಷ್ಟು ಸಮಯ ಸಾಕು.