ಮುಚ್ಚಿದ ಮೊರದ ಬಾಗಿನ

ಗೌರಿ ಹಬ್ಬದ ಬಾಗಿನವನ್ನು ಹತ್ತಿರದಿಂದ ನೋಡಿದ್ದೀರಾ? ಅರಿಸಿನ ಬಳಿದ ಮೊರದಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ಬಳೆ, ರವಿಕೆ ಕಣ, ತೆಂಗಿನಕಾಯಿ ಇಡುತ್ತಾರೆ. ಅದರ ಮೇಲೆ ಇನ್ನೊಂದು ಮೊರ ಕವುಚುತ್ತಾರೆ. ಕೊಡುವವಳು ತನ್ನ ಸೆರಗನ್ನು ಮೇಲೆ ಹೊದಿಸಿ ಕೊಡುತ್ತಾಳೆ, ತೆಗೆದುಕೊಳ್ಳುವವಳೂ ಸೆರಗು ಹಿಡಿದೇ ತೆಗೆದುಕೊಳ್ಳುತ್ತಾಳೆ. ಒಳಗೆ ಏನಿದೆ, ಎಷ್ಟಿದೆ ಎಂಬುದು ಪಡಸಾಲೆಯಲ್ಲಿ ಕೂತ ಮಿಕ್ಕವರಿಗೆ ಕಾಣುವುದಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ವರ್ಷ ಮುಖ್ಯಮಂತ್ರಿಗಳು ಕಾವೇರಿಗೆ ಅರ್ಪಿಸುವುದೂ ಮೊರದ ಬಾಗಿನವನ್ನೇ.

ನಮ್ಮ ಕಾಲೇಜುಗಳು ಬಡ ಕುಟುಂಬಗಳಿಗೆ ಕೊಡುವ ಹಬ್ಬದ ಕಿಟ್ಟಿನ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ಮೊರ ನೆನಪಾಗುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ಕಡೆ ಪದವಿ ಕಾಲೇಜುಗಳಿವೆ. ಹಬ್ಬ ಹತ್ತಿರ ಬಂದಾಗ ವಿದ್ಯಾರ್ಥಿಗಳು ಚಂದಾ ಎತ್ತಿ, ಅಧ್ಯಾಪಕರು ಕೈಲಾದಷ್ಟು ಸೇರಿಸಿ, ಪೇಟೆಯ ಅಂಗಡಿಯವರು ನಾಲ್ಕು ಮೂಟೆ ಕೊಟ್ಟು ಹತ್ತಿರದ ಊರುಗಳ ಮನೆಗಳಿಗೆ ದಿನಸಿ ಹಂಚುವುದು ಒಳ್ಳೆಯ ಕೆಲಸ. ಅದು ಇನ್ನಷ್ಟು ಒಳ್ಳೆಯದಾಗಬೇಕು ಎಂಬ ಆಸೆಯಿಂದ ಈ ಮಾತು.

ಮೊದಲು, ಹಬ್ಬದಲ್ಲೇ ಏಕೆ ಕಷ್ಟ ಎಂಬುದನ್ನು ನೋಡೋಣ. ಗೌರಿ-ಗಣೇಶ, ಪಿತೃಪಕ್ಷ, ಆಯುಧಪೂಜೆ, ದೀಪಾವಳಿ ಎಲ್ಲವೂ ಬರುವುದು ಸುಗ್ಗಿಗೆ ಮುಂಚೆ. ನಾಲೆಯ ಭತ್ತ ಆಗ ಇನ್ನೂ ಗದ್ದೆಯಲ್ಲಿರುತ್ತದೆ. ನಾಗಮಂಗಲ, ಕೆ.ಆರ್. ಪೇಟೆಯ ಬೆದ್ದಲಿನ ರಾಗಿ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್ ಹೊತ್ತಿಗೆ. ಕೈಯಲ್ಲಿ ಕಾಸಿಲ್ಲದ ಆ ತಿಂಗಳುಗಳಲ್ಲೇ ಹಿರಿಯರಿಗೆ ಎಡೆ ಇಡಬೇಕು, ಬಟ್ಟೆ ತರಬೇಕು, ಹೆಣ್ಣುಮಕ್ಕಳನ್ನು ತವರಿಗೆ ಕರೆಯಬೇಕು. ನಮ್ಮ ಸೀಮೆಯಲ್ಲಿ ಎಡೆ ತಪ್ಪಿಸುವ ಮನೆಯಿಲ್ಲ; ಸಾಲ ಮಾಡಿಯಾದರೂ ಇಡುತ್ತಾರೆ. ಆ ಸಾಲ ಆಮೇಲೆ ವಾರದ ಕಂತಾಗಿ ಬಾಗಿಲಿಗೆ ಬರುತ್ತದೆ. ಕಂತು ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹಬ್ಬದ ಹೊತ್ತಿನ ಸಾವಿರ ರೂಪಾಯಿ ಸಾಮಾನು ಒಂದು ಮನೆಗೆ ಅಷ್ಟು ಸಾಲವನ್ನಾದರೂ ತಪ್ಪಿಸುತ್ತದೆ.

ಇನ್ನು ಚೀಲದೊಳಗೆ ಏನಿರಬೇಕು? ನಾಗಮಂಗಲದ ಕಡೆಯ ಒಂದು ಊರಿಗೆ ವಿದ್ಯಾರ್ಥಿಗಳ ಜೊತೆ ನಾನೂ ಹೋಗಿದ್ದೆ. ಹತ್ತು ಕಿಲೋ ಅಕ್ಕಿಯ ಚೀಲ ಜಗುಲಿಗೆ ಇಳಿಸಿದಾಗ ಅಜ್ಜಿ ಬೇಡ ಅನ್ನಲಿಲ್ಲ. ಚೀಲದ ಮೇಲೆ ಕೈಯಾಡಿಸಿ, "ಅಕ್ಕಿ ಸೊಸೈಟಿಲಿ ಕೊಡ್ತಾರೆ ಕಣ್ ಮಗ. ಬ್ಯಾಳೆಗೆ, ಎಣ್ಣೆಗೇ ಕಷ್ಟ" ಎಂದರು. ದೂರುವ ದನಿ ಅದಾಗಿರಲಿಲ್ಲ, ಸುಮ್ಮನೆ ಇದ್ದದ್ದು ಹೇಳಿದ್ದು. ಚೀಲ ಹೊತ್ತು ತಂದಿದ್ದ ಹುಡುಗ ತಲೆ ತಗ್ಗಿಸಿದ. ಅವನ ಮನೆಯಲ್ಲೂ ಅದೇ ಕಷ್ಟ ಎಂದು ವಾಪಸು ಬರುವಾಗ ಹೇಳಿದ.

ಅಜ್ಜಿಯ ಲೆಕ್ಕ ಸರಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಪಡಿತರ ಚೀಟಿಯ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಿಗುತ್ತದೆ. ನಾಲ್ಕು ಜನರ ಮನೆಗೆ 20 ಕಿಲೋ. ಅದೇ ವರ್ಷ ಜುಲೈನಲ್ಲಿ ಶುರುವಾದ ಅನ್ನಭಾಗ್ಯ ಅದರ ಮೇಲೆ ಸೇರಿಕೊಂಡಿತು. ಚೀಟಿ ಇರುವ ಮನೆಯಲ್ಲಿ ಅಕ್ಕಿಗೆ ಅಷ್ಟು ಬರವಿಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವೇ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಒಪ್ಪಿತು. ಅಜ್ಜಿ ಜಗುಲಿಯಲ್ಲಿ ಹೇಳಿದ್ದನ್ನೇ ಸಂಪುಟವೂ ಒಪ್ಪಿದ ಹಾಗಾಯಿತು. ಹೀಗಿದ್ದೂ ಚಂದಾ ದುಡ್ಡಿನಲ್ಲಿ ಮತ್ತೆ ಅಕ್ಕಿಯನ್ನೇ ಕೊಳ್ಳುವುದು ಯಾಕೆ? ಬೇಳೆ, ಎಣ್ಣೆ ಕೊಳ್ಳಬಹುದು; ಸೋಪು, ಒಂದು ಕಂಬಳಿ, ಹುಡುಗಿಯರಿಗೆ ಪ್ಯಾಡ್, ಇವಂತೂ ಸೊಸೈಟಿಯಲ್ಲಿ ಸಿಗುವುದಿಲ್ಲ.

ಅಕ್ಕಿಯೇ ಬೇಕಾದವರೂ ಇದ್ದಾರೆ. ಚೀಟಿಯೇ ಇಲ್ಲದವರು, ಗಂಡನ ಮನೆಯಿಂದ ಹೊರಬಿದ್ದು ಯಾವ ಚೀಟಿಯಲ್ಲೂ ಹೆಸರಿಲ್ಲದ ಹೆಂಗಸರು, ಆಲೆಮನೆಯಲ್ಲಿ ಬೆಲ್ಲ ಕಾಯಿಸಲು, ಕಬ್ಬು ಕಡಿಯಲು ಬೇರೆ ಕಡೆಯಿಂದ ಬಂದು ಗುಡಿಸಲು ಹಾಕಿಕೊಂಡವರು. ಚೀಟಿ ಬೇರೆ ಊರಿನದಾದರೂ ಬೆರಳಚ್ಚು ಕೊಟ್ಟು ಇಲ್ಲೇ ಪಡಿತರ ಪಡೆಯಬಹುದು ಎಂಬ ನಿಯಮ ಬಂದು ವರ್ಷಗಳಾದವು. ಅದನ್ನು ಅವರಿಗೆ ಹೇಳುವವರಿಲ್ಲ. ಆದ್ದರಿಂದ ಪಟ್ಟಿ ಮಾಡುವಾಗ ಊರ ಮುಖಂಡರನ್ನು ಮಾತ್ರ ಕೇಳಿದರೆ ಸಾಲದು. ಯಾರ ಮನೆಯಲ್ಲಿ ಒಲೆ ಹಚ್ಚುತ್ತಿಲ್ಲ ಎಂಬುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಗೊತ್ತಿರುತ್ತದೆ. ಕಾಲೇಜಿನ ತರಗತಿಗೂ ಗೊತ್ತಿರುತ್ತದೆ, ಯಾಕೆಂದರೆ ಅಂಥ ಮನೆಗಳ ಮಕ್ಕಳು ಅಲ್ಲೇ ಮೂರನೇ ಬೆಂಚಿನಲ್ಲಿ ಕೂತಿದ್ದಾರೆ. ಕೊಡುವ ಕಾಲೇಜು ಒಂದು ಕಡೆ, ತೆಗೆದುಕೊಳ್ಳುವ ಊರು ಒಂದು ಕಡೆ ಎಂಬ ಗೆರೆ ನಮ್ಮ ತಾಲ್ಲೂಕುಗಳಲ್ಲಿ ಎಳೆಯಲು ಬರುವುದಿಲ್ಲ.

ದುಡ್ಡಿಗಿಂತ ದೊಡ್ಡ ಆಸ್ತಿ ಈ ಮಕ್ಕಳಲ್ಲಿದೆ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳಿಂದ. ಇದಕ್ಕೆ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ನೂರು ಮಕ್ಕಳ ಒಂದು ಘಟಕ ಎಂದರೆ ವರ್ಷಕ್ಕೆ 12 ಸಾವಿರ ಗಂಟೆ. ಅದರಲ್ಲಿ ಹಬ್ಬದ ಹಂಚಿಕೆಗೆ ಹೋಗುವುದು ಒಂದೆರಡು ದಿನ. ಮಿಕ್ಕದ್ದರಲ್ಲಿ ಏನೆಲ್ಲ ಆಗಬಹುದು!

ಅದೇ ಅಜ್ಜಿಯ ಮನೆಯಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಮಂಜೂರಾಗಿತ್ತು, ದುಡ್ಡು ಬರುತ್ತಿರಲಿಲ್ಲ. ಆಧಾರ್‌ನಲ್ಲಿ ಹೆಸರು ಒಂದು ಥರ, ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ. ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಓದಿ ಹೇಳುವವರು ಬೇಕಿತ್ತು, ನಾಡಕಚೇರಿಗೆ ಜೊತೆಯಲ್ಲಿ ಹೋಗಿ ನಿಲ್ಲುವವರು ಬೇಕಿತ್ತು. ಚೀಲ ಹೊತ್ತು ತಂದಿದ್ದ ಹುಡುಗನೇ ಎರಡು ದಿನ ಆ ಕೆಲಸಕ್ಕೆ ಓಡಾಡಿದ. ತಿಂಗಳಿಗೆ 1,200 ರೂಪಾಯಿ ಎಂದರೆ ವರ್ಷಕ್ಕೆ 14,400. ನಾವು ಕೊಟ್ಟ ಚೀಲ ಸಾವಿರ ರೂಪಾಯಿಯದು.

ಚೀಲ ಕೊಟ್ಟ ಮೇಲೂ ಕೈಹಿಡಿಯುವ ಈ ದಾರಿ ನಮ್ಮ ಸೀಮೆಗೆ ಹೊಸದೇನಲ್ಲ. ಜಯಪ್ರಕಾಶ ನಾರಾಯಣರ ಆಪ್ತ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿ ಅವರು 1960ರಲ್ಲಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ದಿಕ್ಕಿಲ್ಲದ ಮಕ್ಕಳಿಗೆ ಅಲ್ಲಿ ಕರುಣಾಗೃಹ ಎಂಬ ಮನೆಯಾಯಿತು; ಅದರ ಜೊತೆಗೇ ಖಾದಿ ನೇಯ್ಗೆ ನಡೆಯಿತು. ಅನ್ನ ಕೊಟ್ಟ ಕೈಯೇ ಕೆಲಸವನ್ನೂ ಕೊಟ್ಟಿತು. ನಾಗಮಂಗಲದ ಆದಿಚುಂಚನಗಿರಿಯಲ್ಲಿ ದಾಸೋಹದ ಪಂಕ್ತಿಗೆ ಕೂತರೆ ಯಾರೂ ಜಾತಿ ಕೇಳುವುದಿಲ್ಲ, ಚೀಟಿ ತೋರಿಸು ಎನ್ನುವುದೂ ಇಲ್ಲ. ಅಂಥ ಪಂಕ್ತಿಯಲ್ಲಿ ಯಾರು ಬೇಕಾದರೂ ಕೂರಬೇಕಾಗಿ ಬರಬಹುದು. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಮುಂಬೈಯಿಂದ ಊರಿಗೆ ಮರಳಿದ ಕೆ.ಆರ್. ಪೇಟೆಯ ನೂರಾರು ಕುಟುಂಬಗಳು ಹಾಸ್ಟೆಲ್, ಶಾಲೆಗಳ ಕ್ವಾರಂಟೈನ್‌ನಲ್ಲಿ ಇದ್ದುದನ್ನು ನಾವು ಮರೆಯಬಾರದು. ಮುಂಬೈಯಲ್ಲಿ ದುಡಿದು ಊರ ಹಬ್ಬ, ಜಾತ್ರೆಗೆ ವಂತಿಗೆ ಕೊಡುತ್ತಿದ್ದವರೇ ಅಂದು ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು. ಕೊಡುವವರು ತೆಗೆದುಕೊಳ್ಳುವವರಾಗಲು ಎರಡು ತಿಂಗಳು ಸಾಕಾಯಿತು.

ಇಷ್ಟಾದ ಮೇಲೆ ಫೋಟೊದ ವಿಷಯ. ಚೀಲದ ಒಂದು ತುದಿಯನ್ನು ಬಡವಿ ಹಿಡಿದು, ಇನ್ನೊಂದು ತುದಿಯನ್ನು ಆರು ಜನ ಹಿಡಿದು, ಹಿಂದೆ ಬ್ಯಾನರ್ ಕಟ್ಟಿ ತೆಗೆದ ಚಿತ್ರ ಮರುದಿನ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತುತ್ತದೆ. ಆ ಹೆಂಗಸಿನ ಮಗಳು ಅದೇ ಕಾಲೇಜಿನಲ್ಲಿ ಓದುತ್ತಿರುತ್ತಾಳೆ. ಲೆಕ್ಕ ಜನರಿಗೆ ಗೊತ್ತಾಗಬೇಕು, ನಿಜ. ಎಷ್ಟು ಬಂತು, ಎಷ್ಟಕ್ಕೆ ಏನು ಕೊಂಡೆವು, ಎಷ್ಟು ಮನೆಗೆ ಹೋಯಿತು ಎಂದು ಬಿಲ್ಲಿನ ಸಮೇತ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅಂಟಿಸಲಿ. ಯಾರ ಮನೆಗೆ ಎಂಬುದು ಮಾತ್ರ, ಮುಚ್ಚಿದ ಮೊರದ ಹಾಗೆ, ಪಟ್ಟಿ ಬರೆದ ಇಬ್ಬರು ಮೂವರಲ್ಲೇ ಉಳಿಯಲಿ.

ಜೂನ್ ತಿಂಗಳನ್ನೂ ಹಬ್ಬ ಎಂದೇ ತಿಳಿಯಿರಿ ಎಂದು ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ. ಶಾಲೆ ಶುರುವಾಗುವ ಆ ವಾರ ಪುಸ್ತಕ, ಯೂನಿಫಾರ್ಮ್, ಫೀಸು ಎಂದು ಬಡವರ ಮನೆ ತತ್ತರಿಸುತ್ತದೆ. ಆಗ ಚಂದಾ ಎತ್ತುವವರಿರುವುದಿಲ್ಲ.

ಓದುಗರಲ್ಲಿ ಇಷ್ಟೇ ಬೇಡಿಕೆ. ಈ ಸಲ ಹುಡುಗರು ನಿಮ್ಮ ಅಂಗಡಿಗೋ ಮನೆಗೋ ಬಂದರೆ ಬರಿಗೈಲಿ ಕಳಿಸಬೇಡಿ. ಒಂದು ಕಿಲೋ ತೊಗರಿಬೇಳೆ, ಒಂದು ಲೀಟರ್ ಎಣ್ಣೆ ಕೊಡಿ. ನಾಡಕಚೇರಿಯ ಅರ್ಜಿ ತುಂಬುವುದು ನಿಮಗೆ ಗೊತ್ತಿದ್ದರೆ ಅವರಿಗೆ ಒಂದು ಸಂಜೆ ಕಲಿಸಿಕೊಡಿ. ಹಂಚುವಾಗ ಜೊತೆಗೆ ಹೋದರೆ ಮೊಬೈಲನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.