ವಿಮಾನ ನಿಲ್ದಾಣ ಬಂದರೆ ಊರಿನ ಹುಡುಗರಿಗೆ ಪೈಲಟ್ ಕೆಲಸ ಗ್ಯಾರಂಟಿಯೇ?

“ದೇಶದಲ್ಲಿ ಪೈಲಟ್‌ಗಳ ಕೊರತೆ ಇದೆ, ಲೈಸೆನ್ಸ್ ತೆಗೆದುಕೊಂಡರೆ ಕೆಲಸ ಗ್ಯಾರಂಟಿ” ಎಂಬರ್ಥದ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತವೆ. ಅಂಕೋಲಾದ ಭಾವಿಕೇರಿ, ಅಲಗೇರಿ, ಬೇಲೇಕೇರಿ ಕಡೆ ನೌಕಾಪಡೆಯ ವಿಮಾನ ನಿಲ್ದಾಣದ ಜತೆ ನಾಗರಿಕ ವಿಮಾನಗಳಿಗೂ ಅವಕಾಶ ಕೊಡುವ ಯೋಜನೆ ಇರುವುದರಿಂದ ಇಲ್ಲಿ ಇಂಥ ಮಾತನ್ನು ಜನ ಬೇಗ ನಂಬುತ್ತಾರೆ. ಜಮೀನಿನ ಪರಿಹಾರದ ಹಣವನ್ನು ಮಗನ ಅಥವಾ ಮಗಳ ತರಬೇತಿಗೆ ಕಟ್ಟುವ ಮೊದಲು ಇದರಲ್ಲಿ ಎಷ್ಟು ನಿಜ ಎಂದು ನೋಡೋಣ.

ಅರ್ಧ ನಿಜ. ಕೊರತೆ ಇರುವುದು ಹೆಚ್ಚಾಗಿ ಅನುಭವಿ ಕ್ಯಾಪ್ಟನ್‌ಗಳದು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಸಾಕು. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್‌ಗೆ 1,500 ಗಂಟೆ ಬೇಕು. ಉಳಿದ ಗಂಟೆಗಳನ್ನು ಸಾಮಾನ್ಯವಾಗಿ ಯಾವುದಾದರೂ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಆಗಿಯೇ ತುಂಬಿಸಿಕೊಳ್ಳಬೇಕು. ಆ ಮೊದಲ ಸೀಟು ಸಿಗುವುದೇ ಕಷ್ಟ.

ಸಣ್ಣ ಏರ್‌ಲೈನ್ ಒಂದು ಮುಚ್ಚಿದರೆ ಆ ಸೀಟುಗಳು ಹೋಗುತ್ತವೆ. ಜತೆಗೆ ಅಲ್ಲಿದ್ದ ತರಬೇತಾದ ಪೈಲಟ್‌ಗಳೂ ಕೆಲಸ ಹುಡುಕುತ್ತ ಅದೇ ಸರದಿಗೆ ಬಂದು ಹೊಸಬರ ಮುಂದೆ ನಿಲ್ಲುತ್ತಾರೆ. ನಮ್ಮ ರಾಜ್ಯ ಇದನ್ನು ಹತ್ತಿರದಿಂದಲೇ ಕಂಡಿದೆ. 2003ರಲ್ಲಿ ಬೆಂಗಳೂರಿನಿಂದ ಶುರುವಾದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಮುಂದೆ ಕಿಂಗ್‌ಫಿಷರ್‌ನೊಳಗೆ ಸೇರಿತು. ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಆ ಹೊತ್ತಿಗೆ ಸಿಬ್ಬಂದಿಗೆ ಹಲವು ತಿಂಗಳ ಸಂಬಳ ಬಾಕಿ ಇತ್ತು. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತಾಗಲೂ ಸರದಿ ಉದ್ದವಾಯಿತು.

ಕೆಲಸ ಕಳೆದುಕೊಂಡವರಿಗೂ ದಾರಿ ಸಲೀಸಲ್ಲ. ಪೈಲಟ್‌ಗೆ ಪ್ರತಿ ಮಾದರಿಯ ವಿಮಾನಕ್ಕೂ ‘ಟೈಪ್ ರೇಟಿಂಗ್’ ಎಂಬ ಪ್ರತ್ಯೇಕ ಅರ್ಹತೆ ಬೇಕು. ಕಾರು ಕಲಿತವನು ಯಾವ ಕಾರನ್ನೂ ಓಡಿಸಬಹುದು, ಇಲ್ಲಿ ಹಾಗಲ್ಲ. ಬೀದರ್ ಉದಾಹರಣೆ ನೋಡಿ. 2020ರಲ್ಲಿ ಬೆಂಗಳೂರಿಗೆ ಟ್ರೂಜೆಟ್ ಶುರುವಾಯಿತು, ಅದರದು ಎಟಿಆರ್ ವಿಮಾನ. ಟ್ರೂಜೆಟ್ ನಿಂತ ಮೇಲೆ 2022ರಲ್ಲಿ ಅದೇ ಮಾರ್ಗಕ್ಕೆ ಸ್ಟಾರ್ ಏರ್ ಬಂತು, ಅದರದು ಎಂಬ್ರೇಯರ್. ಪ್ರಯಾಣಿಕರಿಗೆ ಮತ್ತೆ ವಿಮಾನ ಸಿಕ್ಕಿತು. ಎಟಿಆರ್ ಮಾತ್ರ ಹಾರಿಸಿದ್ದ ಪೈಲಟ್ ಹೊಸ ಟೈಪ್ ರೇಟಿಂಗ್ ಮಾಡದೆ ಅದನ್ನು ಹಾರಿಸುವಂತಿಲ್ಲ. ಎಟಿಆರ್ ಇರುವ ಇಂಡಿಗೋ, ಅಲಯನ್ಸ್ ಏರ್ ಕಡೆ ಹೋಗಬೇಕು, ಇಲ್ಲವೇ ಲಕ್ಷಗಟ್ಟಲೆ ಹಣ ಸುರಿದು ಇನ್ನೊಂದು ಮಾದರಿ ಕಲಿಯಬೇಕು. ಅಷ್ಟರಲ್ಲಿ ಹಾರಾಟ ನಿಂತು ಹೋಗಿರುತ್ತದೆ. 90 ದಿನಗಳಲ್ಲಿ ಮೂರು ಬಾರಿ ಏರಿಸಿ ಇಳಿಸಿರದಿದ್ದರೆ ಮತ್ತೆ ಅಭ್ಯಾಸ ಮಾಡದೆ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ.

ಇನ್ನೊಂದು ಮಾತು. ನಿಲ್ದಾಣ ಹತ್ತಿರವಿದ್ದರೆ ಪೈಲಟ್ ಕೆಲಸವೂ ಹತ್ತಿರ ಎಂದಲ್ಲ. ಪೈಲಟ್‌ಗಳನ್ನು ನೇಮಿಸುವುದು ಏರ್‌ಲೈನ್‌ಗಳು, ನಿಲ್ದಾಣವಲ್ಲ.

ಹಾಗೆಂದು ಮಕ್ಕಳ ಆಸೆಗೆ ಅಡ್ಡ ಬರಬೇಕಿಲ್ಲ. ಫೀಸು ಕಟ್ಟುವ ಮೊದಲು ಡಿಜಿಸಿಎ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮುಗಿಸಿ. ಹೇಳುವ ಮೊತ್ತದಲ್ಲಿ ಟೈಪ್ ರೇಟಿಂಗ್ ಸೇರಿದೆಯೇ, ಯಾವ ವಿಮಾನದ್ದು ಎಂದು ಬರಹದಲ್ಲಿ ಕೇಳಿ. ಲೈಸೆನ್ಸ್ ಬಂದ ಮೇಲೆ ಎರಡು ವರ್ಷ ಕೆಲಸ ಸಿಗದಿದ್ದರೂ ಸಾಲದ ಕಂತು ಕಟ್ಟಲು ಆಗುತ್ತದೆಯೇ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಿ.